ಎರಡೇ ಎಚ್‌ಡಿಎಂಐ ಪೋರ್ಟಿಗೆ ಐದು ಸಾಧನ: ಸ್ವಿಚ್ ಕೊಳ್ಳುವ ಮುಂಚೆ ಇದನ್ನು ಓದಿ

4ಕೆ ಟಿವಿಯಲ್ಲಿ ಎರಡೇ ಎಚ್‌ಡಿಎಂಐ ಪೋರ್ಟ್. ನಿಮ್ಮ ಹತ್ತಿರ ಇರುವುದು ಸೆಟ್ ಟಾಪ್ ಬಾಕ್ಸ್, ಗೇಮ್ ಕನ್ಸೋಲ್, ಸ್ಟ್ರೀಮಿಂಗ್ ಸ್ಟಿಕ್, ಸೌಂಡ್‌ಬಾರ್, ಒಂದು ಹಳೇ ಡಿವಿಡಿ ಪ್ಲೇಯರ್. ಹಲವು ಸಾಧನಗಳನ್ನು ಟಿವಿಯ ಒಂದೇ ಪೋರ್ಟಿಗೆ ಜೋಡಿಸುವ ಐದು ಪೋರ್ಟಿನ ಸ್ವಿಚ್ ತಂದು ಎಲ್ಲವನ್ನೂ ಅದಕ್ಕೇ ಚುಚ್ಚಿಬಿಡಲಾ, ಇಲ್ಲ ಟಿವಿಯನ್ನೇ ಬದಲಾಯಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎಲ್ಲವನ್ನೂ ಸ್ವಿಚ್ಚಿಗೇ ಚುಚ್ಚಿ, ಕೊನೆಗೆ ಚೆನ್ನಾಗಿದ್ದ ಟಿವಿಯ ಬೋರ್ಡ್ ಬದಲಾಯಿಸಿಕೊಂಡವನು.

ನನ್ನದೂ ಹೆಚ್ಚುಕಡಿಮೆ ಇದೇ ಸಂಸಾರವಾಗಿತ್ತು. ಟಿವಿ ಗೋಡೆಗೆ ಅಂಟಿಕೊಂಡಿತ್ತು, ಪ್ರತಿ ಸಲ ಹಿಂದೆ ಕೈ ತೂರಿಸಿ ಕೇಬಲ್ ಬದಲಾಯಿಸಿ ಸಾಕಾಗಿತ್ತು. ಒಂದು ಸ್ವಿಚ್ ತಂದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 4ಕೆ ಅಂತ ಬರೆದಿತ್ತು. ಟಿವಿನೂ 4ಕೆ, ಕನ್ಸೋಲೂ 4ಕೆ, ಇನ್ನೇನು ಬೇಕು? ಎಲ್ಲವನ್ನೂ ಅದಕ್ಕೆ ಹಾಕಿದೆ, ಅದರಿಂದ ಒಂದೇ ಕೇಬಲ್ ಟಿವಿಗೆ. ನೋಡೋಕೆ ಬಹಳ ಅಚ್ಚುಕಟ್ಟಾಗಿತ್ತು. ಸೆಟ್ ಟಾಪ್ ಬಾಕ್ಸ್ ಹಾಕಿ ನೋಡಿದೆ, ಸರಿಯಾಗಿ ಬಂತು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ತೊಂದರೆ ಕಾಣಿಸಿದ್ದು ಕನ್ಸೋಲ್ ಹಾಕಿದಾಗ. ಆಟದ ನಡುವೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಿತ್ತು. ಕತ್ತಲೆ ದೃಶ್ಯಗಳಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಮಿಣುಕುತ್ತಿದ್ದವು. ಸ್ಟಿಕ್ಕಿನಲ್ಲಿ ಕೆಲವು ಸಿನಿಮಾ 4ಕೆಯಲ್ಲಿ ಶುರುವಾಗುತ್ತಲೇ ಇರಲಿಲ್ಲ. ನಾನು ಕೇಬಲ್ ಬದಲಾಯಿಸಿದೆ, ಕನ್ಸೋಲನ್ನು ರೀಸೆಟ್ ಮಾಡಿದೆ, ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಏನೂ ಆಗಲಿಲ್ಲ. ಸರ್ವಿಸ್‌ನವರನ್ನು ಕರೆಸಿದೆ. ಅವರು ನೋಡಿ, ಮೇನ್ ಬೋರ್ಡ್ ಹೋಗಿರಬಹುದು ಅಂದರು. ವಾರಂಟಿ ಮುಗಿದಿತ್ತು. ದುಡ್ಡು ಕೊಟ್ಟು ಹೊಸ ಬೋರ್ಡ್ ಹಾಕಿಸಿದೆ. ಅದೇ ಚುಕ್ಕೆ, ಅದೇ ಕತ್ತಲೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಹೋಗಿದ್ದು ಇಲ್ಲೇ. ಟಿವಿ, ಕೇಬಲ್, ಕನ್ಸೋಲ್ ಎಲ್ಲದರ ಮೇಲೂ ಅನುಮಾನಪಟ್ಟ ನಾನು ಸ್ವಿಚ್ಚನ್ನು ಮಾತ್ರ ಒಂದು ಸಲವೂ ಬಿಚ್ಚಲಿಲ್ಲ. ಅದರ ನೀಲಿ ದೀಪ ಉರಿಯುತ್ತಿತ್ತು, ಸೆಟ್ ಟಾಪ್ ಬಾಕ್ಸ್ ಅದರ ಮೂಲಕವೇ ಚೆನ್ನಾಗಿ ಬರುತ್ತಿತ್ತು. ಅದರಲ್ಲೇನು ಕೆಡುತ್ತೆ ಅನ್ನುವ ಧೈರ್ಯ. ಸರ್ವಿಸ್‌ನವರು ಅದರ ಕಡೆ ಕೈ ಚಾಚಿದಾಗಲೂ "ಅದು ಬರೀ ಸ್ವಿಚ್ಚು, ಅದರಲ್ಲಿ ಏನಿಲ್ಲ ಬಿಡಿ" ಅಂತ ನಾನೇ ತಡೆದೆ. ಹೊಸ ಬೋರ್ಡ್ ಬಂದ ಮೇಲೂ ಹೀಗಾದಾಗ, ಸಿಟ್ಟಿನಲ್ಲಿ ಕನ್ಸೋಲಿನ ಕೇಬಲನ್ನು ಕಿತ್ತು ನೇರ ಟಿವಿಗೆ ಹಾಕಿದೆ. ಚಿತ್ರ ಕನ್ನಡಿಯ ಹಾಗೆ ಬಂತು. ಸ್ವಿಚ್ಚನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಣ್ಣ ಅಕ್ಷರ: 4ಕೆ, 30 ಹರ್ಟ್ಜ್.

ಆ 30 ಅಂದರೆ ಏನು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 60 ಸಲ ಬರಬೇಕಾದರೆ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಮಾಹಿತಿ ಓಡಬೇಕು. 4ಕೆ, 30 ಸಲ ಅಂದರೆ ಸುಮಾರು 9. ಅದೇ 4ಕೆ 60 ಸಲ ಬೇಕೆಂದರೆ ಸುಮಾರು 18. 2009ರಲ್ಲಿ ಬಂದ ಎಚ್‌ಡಿಎಂಐ 1.4 ಆವೃತ್ತಿ ಹೊರುವುದು ಗರಿಷ್ಠ 10.2. ನನ್ನ ಸ್ವಿಚ್ ಆ ಕಾಲದ ಚಿಪ್ಪಿನದು. 18 ಹೊರುವ 2.0 ಬಂದಿದ್ದು 2013ರಲ್ಲಿ, 48 ಹೊರುವ 2.1 ಬಂದಿದ್ದು 2017ರಲ್ಲಿ. ಅಂದರೆ ಡಬ್ಬಿಯ ಮೇಲೆ 4ಕೆ ಅಂತ ಬರೆದಿದ್ದು ಸುಳ್ಳೇನಲ್ಲ, ಅರ್ಧ ವೇಗದ 4ಕೆ ಅಷ್ಟೇ.

ಇದರಲ್ಲಿ ಇನ್ನೊಂದು ಮೋಸವಿದೆ. ಟಿವಿ ತನಗೆ ಏನೇನು ತೋರಿಸಲು ಬರುತ್ತದೆ ಅನ್ನುವ ಪಟ್ಟಿಯೊಂದನ್ನು ಸಾಧನಕ್ಕೆ ಕಳಿಸುತ್ತದೆ. ಇದಕ್ಕೆ ಇಡಿಐಡಿ ಅಂತಾರೆ. ಎಷ್ಟೋ ಅಗ್ಗದ ಸ್ವಿಚ್‌ಗಳು ಆ ಪಟ್ಟಿಯನ್ನು ಹಾಗೇ ದಾಟಿಸಿಬಿಡುತ್ತವೆ. ಕನ್ಸೋಲ್ ಅದನ್ನು ನೋಡಿ, ಓಹೋ 60 ಬರುತ್ತೆ ಅಂತ ಪೂರ್ತಿ ವೇಗದಲ್ಲಿ ಕಳಿಸುತ್ತದೆ. ನಡುವೆ ಕೂತ ಸ್ವಿಚ್ಚಿಗೆ ಅದನ್ನು ಹೊರಲು ಆಗುವುದಿಲ್ಲ. ಚುಕ್ಕೆ, ಕತ್ತಲೆ ಎಲ್ಲ ಇದರ ಫಲ. ಸ್ಟಿಕ್ಕಿನ ಕಥೆ ಬೇರೆ. 4ಕೆ ಸಿನಿಮಾಗಳಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಅನ್ನುವ ಕಾಪಿ ತಡೆ ಇರುತ್ತದೆ. ದಾರಿಯಲ್ಲಿರುವ ಪ್ರತಿಯೊಂದು ಪೆಟ್ಟಿಗೆಯೂ ಅದಕ್ಕೆ ಒಗ್ಗಬೇಕು. ಹಳೇ ಸ್ವಿಚ್ ಒಗ್ಗದಿದ್ದರೆ ಸಿನಿಮಾ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ, ಇಲ್ಲವೇ ಬರುವುದೇ ಇಲ್ಲ.

ಈಗ ನಿಮ್ಮ ವಿಷಯ. ನೀವು ಐದು ಸಾಧನ ಅಂತ ಎಣಿಸಿದ್ದೀರಿ. ನನ್ನ ಪ್ರಕಾರ ಎಚ್‌ಡಿಎಂಐ ಬೇಕಾಗಿರುವುದು ಎರಡಕ್ಕೆ ಮಾತ್ರ.

ಸ್ಟಿಕ್ ತೆಗೆದುಬಿಡಿ. ನಿಮ್ಮ ಟಿವಿ ಸ್ಮಾರ್ಟ್ ಆಗಿದ್ದು, ನೀವು ನೋಡುವ ಆ್ಯಪ್‌ಗಳು ಅದರಲ್ಲೇ ಓಡುತ್ತಿದ್ದರೆ ಅದೇ ಕೆಲಸಕ್ಕೆ ಇನ್ನೊಂದು ಪೋರ್ಟ್ ಯಾಕೆ? ಟಿವಿಯ ಆ್ಯಪ್ ತೀರಾ ನಿಧಾನವಾಗಿದ್ದರೆ ಮಾತ್ರ ಸ್ಟಿಕ್ ಇರಲಿ. ಗೇಮ್ ಕನ್ಸೋಲಿನಲ್ಲೂ ಬಹಳಷ್ಟು ಸ್ಟ್ರೀಮಿಂಗ್ ಆ್ಯಪ್‌ಗಳು ಸಿಗುತ್ತವೆ, ಅದನ್ನೂ ಮರೆಯಬೇಡಿ.

ಸೌಂಡ್‌ಬಾರನ್ನು ಧ್ವನಿಯನ್ನಷ್ಟೇ ಒಯ್ಯುವ ಆಪ್ಟಿಕಲ್ ಕೇಬಲಿಗೆ ಹಾಕಿ, ಪೋರ್ಟ್ ಉಳಿಯುತ್ತದೆ. ಆಪ್ಟಿಕಲ್‌ನಲ್ಲಿ ಸ್ಟೀರಿಯೋ ಮತ್ತು ಮಾಮೂಲಿ 5.1 ಡಾಲ್ಬಿ ಡಿಜಿಟಲ್ ಬರುತ್ತದೆ, ತಲೆಯ ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಬರುವುದಿಲ್ಲ. ಟಿವಿ ರಿಮೋಟಿನಿಂದಲೇ ಸೌಂಡ್‌ಬಾರಿನ ವಾಲ್ಯೂಮ್ ಮಾಡುವ ಅನುಕೂಲವೂ ತಪ್ಪಬಹುದು. ಅಟ್ಮಾಸ್ ಬೇಕೇ ಬೇಕು ಅನ್ನುವವರಾದರೆ ಅದನ್ನು ಎಆರ್‌ಸಿ ಅಂತ ಬರೆದಿರುವ ಪೋರ್ಟಿಗೇ ನೇರ ಹಾಕಬೇಕು. ಧ್ವನಿ ಆ ಪೋರ್ಟಿನಿಂದ ಹೊರಗೆ ಹರಿಯುವುದರಿಂದ ನಡುವೆ ಮಾಮೂಲಿ ಸ್ವಿಚ್ ಇಟ್ಟರೆ ಕೆಲಸ ಕೆಡುತ್ತದೆ. ಆಗ ಸೌಂಡ್‌ಬಾರಿನ ಹಿಂದೆ ಎಚ್‌ಡಿಎಂಐ ಇನ್ ಇದೆಯಾ ನೋಡಿ. ಇದ್ದರೆ ಸೆಟ್ ಟಾಪ್ ಬಾಕ್ಸನ್ನು ಅದಕ್ಕೇ ಹಾಕಿ, ಚಿತ್ರ ಅಲ್ಲಿಂದ ಟಿವಿಗೆ ಹೋಗುತ್ತದೆ. ಪುಕ್ಕಟೆ ಪೋರ್ಟ್ ಸಿಕ್ಕ ಹಾಗೆ.

ಕನ್ಸೋಲ್ ಮಾತ್ರ ಯಾವತ್ತೂ ನೇರ ಟಿವಿಗೆ. ಇದರಲ್ಲಿ ರಾಜಿ ಬೇಡ. ಎಲ್ಲ ಪೋರ್ಟೂ ಒಂದೇ ಅಂತ ತಿಳಿಯಬೇಡಿ. ನಾಲ್ಕು ಪೋರ್ಟಿನ ಟಿವಿಯಲ್ಲೂ ಎಷ್ಟೋ ಸಲ ಎರಡಕ್ಕೆ ಮಾತ್ರ ಪೂರ್ತಿ ವೇಗ ಇರುತ್ತದೆ, ಅದರಲ್ಲೊಂದು ಎಆರ್‌ಸಿ ಪೋರ್ಟೇ ಆಗಿರುತ್ತದೆ. ಟಿವಿ ಬದಲಾಯಿಸುವುದು ಬೇಡ ಅಂದಿದ್ದು ಅದಕ್ಕೇ. ಪೋರ್ಟಿನ ಪಕ್ಕ ಏನು ಬರೆದಿದೆ ಓದಿ, ಇಲ್ಲವೇ ಮ್ಯಾನ್ಯುಯಲ್ ನೋಡಿ. ಆಮೇಲೆ ಟಿವಿಯ ಸೆಟ್ಟಿಂಗ್‌ಗೆ ಹೋಗಿ, ಪೋರ್ಟಿಗೆ ಪೂರ್ತಿ ವೇಗ ಕೊಡುವ ಆಯ್ಕೆ ಹುಡುಕಿ. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಅಂತ ಇರುತ್ತದೆ. ಇದು ಒಂದೊಂದು ಪೋರ್ಟಿಗೂ ಬೇರೆ ಬೇರೆ. ಆಫ್ ಆಗಿದ್ದರೆ ಒಳ್ಳೆಯ ಪೋರ್ಟೂ ಹಳೇ ಪೋರ್ಟಿನ ಹಾಗೇ ನಡೆದುಕೊಳ್ಳುತ್ತದೆ.

ಇಷ್ಟಾದರೆ ಒಂದು ಪೋರ್ಟಿಗೆ ಕನ್ಸೋಲ್, ಇನ್ನೊಂದಕ್ಕೆ ಸೆಟ್ ಟಾಪ್ ಬಾಕ್ಸ್. ಸ್ವಿಚ್ಚೇ ಬೇಡ.

ಮುಂದೆ ಲ್ಯಾಪ್‌ಟಾಪೋ ಇನ್ನೊಂದೋ ಬಂದು ಸ್ವಿಚ್ ಬೇಕೇ ಆದರೆ, ನಿಧಾನದ ಸಾಧನಗಳನ್ನು ಮಾತ್ರ ಅದಕ್ಕೆ ಹಾಕಿ. ಸೆಟ್ ಟಾಪ್ ಬಾಕ್ಸ್ ಫುಲ್ ಎಚ್‌ಡಿಯದ್ದಾದರೆ ಎಂಥ ಸ್ವಿಚ್ಚಾದರೂ ನಡೆಯುತ್ತದೆ. ಕೊಳ್ಳುವಾಗ 18 ಗಿಗಾಬಿಟ್, ಎಚ್‌ಡಿಸಿಪಿ 2.2 ಎರಡೂ ಬರೆದಿರಲಿ. ಪವರ್‌ಗೆ ಅಡಾಪ್ಟರ್ ಅಥವಾ ಯುಎಸ್‌ಬಿ ಇರಲಿ. ಅದಿಲ್ಲದ ಸ್ವಿಚ್ ಸಾಧನದ ಎಚ್‌ಡಿಎಂಐ ಕೇಬಲಿನಿಂದಲೇ ಕರೆಂಟ್ ಎಳೆಯುತ್ತದೆ. ಅಲ್ಲಿ 5 ವೋಲ್ಟಿನಲ್ಲಿ 55 ಮಿಲಿಆಂಪ್ ಸಿಗುವುದಷ್ಟೇ ಗ್ಯಾರಂಟಿ. ಆನ್ ಆದ ಸಾಧನಕ್ಕೆ ತಾನೇ ತಿರುಗುವ ಆಟೋ ಸ್ವಿಚ್ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಸೆಟ್ ಟಾಪ್ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿದ್ದರೂ ಆ 5 ವೋಲ್ಟ್ ಕೊಡುತ್ತಲೇ ಇರಬಹುದು. ಆಗ ಸ್ವಿಚ್ ಅದನ್ನು ಬಿಟ್ಟು ಕದಲುವುದಿಲ್ಲ. ಬಟನ್ ಅಥವಾ ರಿಮೋಟ್ ಇರುವುದೇ ವಾಸಿ. ಅವಸರದಲ್ಲಿ ಸ್ಪ್ಲಿಟರ್ ತಂದುಬಿಡಬೇಡಿ, ಅದು ಒಂದು ಸಾಧನವನ್ನು ಹಲವು ಟಿವಿಗೆ ಹಂಚುವುದಕ್ಕೆ. ನೋಡೋಕೆ ಎರಡೂ ಒಂದೇ ಥರ ಇರುತ್ತವೆ.

ಡಿವಿಡಿ ಪ್ಲೇಯರಿಗೆ ಹಳದಿ, ಕೆಂಪು, ಬಿಳಿ ಕೇಬಲ್ ಸಾಕು. ಡಿಸ್ಕಿನಲ್ಲಿರುವುದೇ 480 ಅಥವಾ 576 ಗೆರೆಗಳ ಚಿತ್ರ. ಟಿವಿಯಲ್ಲಿ ಹಳದಿ ತೂತು ಕಾಣದಿದ್ದರೆ ಗಾಬರಿ ಬೇಡ. ಕೆಲವು ಟಿವಿಗಳಲ್ಲಿ ಹಸಿರು ತೂತಿಗೇ ಹಳದಿ ಪಿನ್ ಹಾಕಬೇಕು. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಮೆನುವಿನಲ್ಲಿ ಕಾಂಪೊನೆಂಟ್ ಬಿಟ್ಟು ಎವಿ ಆರಿಸಿ. ಇನ್ನು ಕೆಲವದರಲ್ಲಿ ಹೆಡ್‌ಫೋನ್ ಥರದ ಒಂದೇ ಸಣ್ಣ ತೂತು ಇರುತ್ತದೆ. ಅದಕ್ಕೆ ಟಿವಿಯ ಜೊತೆ ಬಂದ ಕೇಬಲನ್ನೇ ಹುಡುಕಿ ಹಾಕಿ. ಈ ಕೇಬಲ್‌ಗಳ ಒಳಗಿನ ವೈರುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಬೇರೆಯದನ್ನು ಹಾಕಿದರೆ ಚಿತ್ರದ ಜಾಗದಲ್ಲಿ ಬರೀ ಗುಂಯ್ ಅನ್ನುವ ಸದ್ದು ಬರಬಹುದು. ಹಾಗಾದರೆ ಪ್ಲೇಯರ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಬೇಡಿ, ಮೊದಲು ಕೇಬಲ್ ಬದಲಾಯಿಸಿ ನೋಡಿ.