ಗಾಳ ಹಾಕುವವರಿಗೆ ರಾಜಕೀಯ ಯಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಚೊಣಕ್ (ಬಾರಾಮುಂಡಿ ಮೀನು) ಹಿಡಿಯುವ ಬಗ್ಗೆ ಬರೆಯುತ್ತಾ ಮಧ್ಯದಲ್ಲಿ ಮಹದಾಯಿ ಹೊಳೆ ನೀರಿನ ಜಗಳದ ಬಗ್ಗೆ ಎರಡು ಸಾಲು, ಚೀನಾ ಮಾಲಿನ ಬಗ್ಗೆ ಒಂದು ಸಾಲು ಬರೆದಿದ್ದೆ. ಮೀನಿನ ಬಗ್ಗೆ ಬಂದ ಪತ್ರ ನಾಲ್ಕೇ ನಾಲ್ಕು. ಉಳಿದವೆಲ್ಲ ಆ ಮೂರು ಸಾಲಿನ ಮೇಲೆ. ಕೆಲವರು ಚೆನ್ನಾಗಿ ಬೈದಿದ್ದಾರೆ. ಬೈಗುಳ ಬದಿಗಿಟ್ಟು ಪ್ರಶ್ನೆ ಮಾತ್ರ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸರ್, ಟಿವಿ ಹಾಕಿದರೆ ರಾಜಕೀಯ, ಫೋನ್ ತೆಗೆದರೆ ರಾಜಕೀಯ. ನಾವು ನಿಮ್ಮ ಅಂಕಣ ಓದೋದು ಗಾಳ, ದಾರ, ಮೀನು ಅಂತ. ಇಲ್ಲೂ ಅದೇ ಬೇಕಾ? (ಓದುಗರು, ಡೊಂಬಿವಲಿ)

ಉತ್ತರ: ಬೇಕು ಸರ್. ನಿಮ್ಮ ಬೇಸರ ನನಗೂ ಇದೆ. ನಮ್ಮ ಮನೆಯಲ್ಲೂ ಚುನಾವಣೆ ಬಂದರೆ ಅಣ್ಣ ತಮ್ಮ ಮಾತು ಬಿಡುತ್ತಾರೆ. ಆದರೆ ನಾನು ದಾರ ಬಿಡುವ ನೀರು ಸುಮ್ನೆ ಹರಿದು ಬಂದ ನೀರಲ್ಲ. 2016ರ ಕಾನೂನಿನಲ್ಲಿ ಗೋವಾದ ಆರು ಜಲಮಾರ್ಗಗಳು ರಾಷ್ಟ್ರೀಯ ಜಲಮಾರ್ಗ ಆದವು. ಮಾಂಡವಿ, ಜುವಾರಿ, ಸಾಳ್, ಶಾಪೋರಾ, ಮಾಪುಸಾ, ಕುಂಬಾರ್ಜುವಾ ಕಾಲುವೆ. ನಾನು ಗಾಳ ಹಾಕುವ ಜಾಗ ಎಲ್ಲಾ ಆ ಪಟ್ಟಿಯಲ್ಲೇ ಇದೆ. ಎಲ್‌ಇಡಿ ಬೆಳಕು ಬಿಟ್ಟು ಮೀನು ಹಿಡಿಯಬಾರದು ಅಂತ ಕೇಂದ್ರ ಸರ್ಕಾರ 2017ರ ನವೆಂಬರ್ 10ರಂದು ಆದೇಶ ಹೊರಡಿಸಿತು. ಆಮೇಲೂ ಎಷ್ಟೋ ರಾತ್ರಿ ದಂಡೆಯಲ್ಲಿ ಕೂತಾಗ ದೂರದ ಸಮುದ್ರದಲ್ಲಿ ಊರು ಹತ್ತಿಕೊಂಡ ಹಾಗೆ ಬೆಳಕು ನೋಡಿದ್ದೇನೆ. ಬೆಳಕಿಗೆ ಬರುವುದು ದೊಡ್ಡ ಮೀನು ಮಾತ್ರ ಅಲ್ಲ, ಬೆರಳುದ್ದದ ಮರಿಗಳೂ ಬರುತ್ತವೆ. ಇದನ್ನು ರಾಜಕೀಯ ಅಂತ ಬಿಟ್ಟು ಬರೀ ಗಂಟು ಹಾಕೋದು ಹೇಗೆ ಅಂತ ಬರೆಯೋಕೆ ನನಗೆ ಮನಸ್ಸು ಬರೋದಿಲ್ಲ. ಯಾವ ಪಕ್ಷಕ್ಕೆ ಮತ ಹಾಕಿ ಅಂತ ನಾನು ಬರೆದಿಲ್ಲ, ಬರೆಯೋದೂ ಇಲ್ಲ. ನೀರಿನ ಬಗ್ಗೆ ಮಾತ್ರ ಕೇಳುತ್ತೇನೆ. ಯಾವ ಬಾವುಟದವರು ಇದ್ದರೂ ಅದನ್ನೇ ಕೇಳುತ್ತೇನೆ.

ಪ್ರಶ್ನೆ: ನೀವು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಿ, ಊಟ ಮಾಡೋದು ಗೋವಾದಲ್ಲಿ. ಮಹದಾಯಿ ವಿಷಯದಲ್ಲಿ ನೇರವಾಗಿ ಹೇಳಿ, ನೀವು ಯಾರ ಕಡೆ? (ಓದುಗರು, ಮಾಪುಸಾ. ಮೂಲ ಊರು ನರಗುಂದ ಅಂತ ಬರೆದಿದ್ದಾರೆ)

ಉತ್ತರ: ನನ್ನ ಅಕ್ಕನ ಮನೆ ನವಲಗುಂದದಲ್ಲಿ. ನಲ್ಲಿ ನೀರು ಬಂದ ದಿನ ಅವಳು ಕೊಡ, ಬಕೆಟು, ಕೊನೆಗೆ ಸಾರಿನ ಪಾತ್ರೆಯನ್ನೂ ಬಿಡದೆ ತುಂಬಿಸಿಡುವುದನ್ನು ಕಂಡವನು ನಾನು. 1980ರ ಜುಲೈ 21ರಂದು ರೈತರ ಮೇಲಾದ ಗೋಲಿಬಾರಿನ ಕಥೆ ಕೇಳಿಕೊಂಡೇ ಬೆಳೆದವನು. ಆ ಊರಿಗೆ ಕುಡಿಯುವ ನೀರು ಬೇಡ ಅನ್ನುವ ಮಾತು ನನ್ನ ಬಾಯಲ್ಲಿ ಬರೋದಿಲ್ಲ.

ಆದರೆ ಲೆಕ್ಕ ಸರಿಯಾಗಿ ನೋಡೋಣ. ಹೊಳೆ ಹುಟ್ಟೋದು ಖಾನಾಪುರ ತಾಲೂಕಿನ ದೇಗಾಂವದಲ್ಲಿ, ಗೋವಾಕ್ಕೆ ಇಳಿದ ಮೇಲೆ ಮಾಂಡವಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಹಂಚಿತು. ನಮ್ಮ 13.42ರಲ್ಲಿ ಮಲಪ್ರಭೆಗೆ ತಿರುಗಿಸೋಕೆ ಇರುವುದು 3.9 ಮಾತ್ರ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ದೊಡ್ಡ ಪಾಲು, ಅಂದರೆ 8.02, ವಿದ್ಯುತ್ತಿಗೆ ಅಂತ ಇಟ್ಟದ್ದು. ಹುಬ್ಬಳ್ಳಿ ಭಾಷಣ ಕೇಳಿದರೆ ಇಡೀ ಹೊಳೆ ನಮ್ಮ ಹೊಲಕ್ಕೆ ಬರುತ್ತದೆ ಅನ್ನಿಸುತ್ತದೆ. ಪಣಜಿ ಭಾಷಣ ಕೇಳಿದರೆ ನಾಳೆ ಬೆಳಗ್ಗೆ ಮಾಂಡವಿ ಒಣಗಿ ಬಿರುಕು ಬಿಡುತ್ತದೆ ಅನ್ನಿಸುತ್ತದೆ. ಎರಡು ಕಡೆಯವರೂ ಜನರಿಗೆ ಪೂರ್ತಿ ಲೆಕ್ಕ ಹೇಳೋದಿಲ್ಲ.

ನನ್ನ ಚಿಂತೆ ಮಳೆಗಾಲದ ನೀರಿನದಲ್ಲ. ಜುಲೈನಲ್ಲಿ ಮಾಂಡವಿ ಕೆಂಪಗೆ ಉಕ್ಕಿ ಸಮುದ್ರಕ್ಕೆ ಸುರಿಯುತ್ತದೆ, ನಾವು ದಂಡೆ ಹತ್ತಿರವೂ ಹೋಗೋದಿಲ್ಲ. ಚಿಂತೆ ಮಾರ್ಚ್, ಏಪ್ರಿಲ್‌ನದು. ಆಗ ಮೇಲಿಂದ ಬರುವ ಸಿಹಿನೀರು ಸಣ್ಣಗಾಗುತ್ತದೆ, ಉಬ್ಬರ ಹೊಳೆಯ ಮೇಲ್ಗಡೆ ಇರುವ ಗಾಂಜೆ ಊರಿನವರೆಗೂ ಹತ್ತುತ್ತದೆ. ಚೊಣಕ್ ಮೊಟ್ಟೆ ಇಡೋದು ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರಿನಲ್ಲಿ. ಮರಿಗಳು ಹಿನ್ನೀರಿಗೆ, ಕಾಂದ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಗೆ, ಸಿಹಿನೀರಿನ ಕಡೆಗೆ ಹೋಗಿ ಬೆಳೆಯುತ್ತವೆ. ಈ ಮೀನು ಸಾಮಾನ್ಯವಾಗಿ ಮೊದಲು ಗಂಡು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹೊಸಬರು ಕೇಳಿದರೆ ನಂಬೋದಿಲ್ಲ, ಆದರೆ ನಿಜ. ಒಂದು ಮೀಟರ್ ಉದ್ದದ ಚೊಣಕ್ ಸಿಕ್ಕರೆ ಅದು ಹೆಣ್ಣು ಅಂದುಕೊಳ್ಳಿ, ಫೋಟೊ ತೆಗೆದು ನೀರಿಗೆ ಬಿಡಿ. ಉಪ್ಪು, ಸಿಹಿ ಎರಡೂ ಸರಿಯಾದ ಹದದಲ್ಲಿ ಸಿಕ್ಕರೆ ಮಾತ್ರ ಅದರ ಸಂಸಾರ ನಡೆಯುತ್ತದೆ.

ಅದಕ್ಕೇ ನಾನು ಕೇಳೋದು ಇಷ್ಟು. ನೀರು ಎತ್ತುವುದಾದರೆ ಮಳೆಗಾಲದಲ್ಲಿ ಎತ್ತಿ, ಬೇಸಿಗೆಯ ಹರಿವು ಮುಟ್ಟಬೇಡಿ. 2023ರಲ್ಲಿ ಕೇಂದ್ರ ಸರ್ಕಾರ ‘ಪ್ರವಾಹ್’ ಅನ್ನುವ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತಲ್ಲ, ಅವರು ದಿನದ ಹರಿವಿನ ಲೆಕ್ಕವನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಆಗ ನವಲಗುಂದದ ನನ್ನ ಅಕ್ಕನಿಗೂ ಮಾಂಡವಿ ದಂಡೆಯ ರಾಯಬಂದರಿನ ನನ್ನ ಗೆಳೆಯನಿಗೂ ಒಂದೇ ಅಂಕಿ ಕಾಣುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಗೋವಾ ಸರ್ಕಾರ ಮಹದಾಯಿ ಕಾಡಿನ ಹುಲಿ, ಪ್ರಾಣಿಗಳ ಹೆಸರು ಹೇಳಿ ಕರ್ನಾಟಕವನ್ನು ತಡೆಯುತ್ತದೆ. ಅದೇ ಕಾಡನ್ನು ಹುಲಿ ರಕ್ಷಿತಾರಣ್ಯ ಮಾಡಿ ಅಂತ 2023ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಹೇಳಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮವರೇನು ಕಮ್ಮಿ ಇಲ್ಲ. ಮಹದಾಯಿ ಹುಟ್ಟುವ ಕಡೆಯ ಭೀಮಗಡ ಕಾಡನ್ನು 2011ರಲ್ಲಿ ವನ್ಯಧಾಮ ಅಂತ ಘೋಷಿಸಿದ್ದು ನಾವೇ, ಈಗ ಕಾಡಿನ ಅನುಮತಿ ಅಂದರೆ ಕೋಪ ಮಾಡಿಕೊಳ್ಳುವವರೂ ನಾವೇ. ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ: ನನ್ನ ಅಕ್ಕನ ಕೊಡದ ಕಡೆ ಇದ್ದೇನೆ, ಏಪ್ರಿಲ್ ತಿಂಗಳ ಮಾಂಡವಿ ಕಡೆಯೂ ಇದ್ದೇನೆ. ಇವೆರಡಕ್ಕೂ ಜಗಳ ಹಚ್ಚಿದವರ ಕಡೆ ಇಲ್ಲ.

ಪ್ರಶ್ನೆ: ಚೀನಾ ರೀಲ್ ಕೊಳ್ಳುವವರನ್ನು ನೀವು ಸಮರ್ಥಿಸಿದ್ದು ಸರಿಯಲ್ಲ. ದೇಶಕ್ಕಿಂತ ಮೀನು ದೊಡ್ಡದಾ? (ಓದುಗರು, ಪುಣೆ)

ಉತ್ತರ: 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆ ವಾರ ನಾನೂ ಇನ್ನು ಚೀನಾ ಮಾಲು ಮುಟ್ಟಲ್ಲ ಅಂತ ಮನೆಯಲ್ಲಿ ಹೇಳಿದೆ. ಆಮೇಲೆ ನೆಲಕ್ಕೆ ಹಳೆ ಟವೆಲ್ ಹಾಸಿ ನನ್ನ ಚೀಲ ಸುರಿದೆ. ದಾರ ಸುತ್ತುವ ರೀಲ್ ಒಂದೊಂದೇ ಎತ್ತಿ ಅದರ ಕಾಲಿನ ಮೇಲೆ, ಅಂದರೆ ರಾಡಿಗೆ ಸಿಕ್ಕಿಸುವ ಭಾಗದ ಮೇಲೆ, ಅಚ್ಚೊತ್ತಿದ ಸಣ್ಣ ಅಕ್ಷರ ಓದಿದೆ. ಜಪಾನಿ ಹೆಸರಿನ ದೊಡ್ಡ ರೀಲ್ ಮಲೇಷ್ಯಾದಲ್ಲಿ ಮಾಡಿದ್ದು. ಅದೇ ಜಪಾನಿ ಹೆಸರಿನ ಸಣ್ಣದು ಚೀನಾದ್ದು. ಅಮೆರಿಕದ ಹೆಸರಿನ ರಾಡ್, ಅದೂ ಚೀನಾದ್ದು. ಶಾಂಡಾಂಗ್ ಪ್ರಾಂತ್ಯದಲ್ಲಿ ವೈಹಾಯ್ ಅಂತ ಒಂದು ಊರಿದೆ, ಗಾಳದ ಸಾಮಾನಿಗೇ ಹೆಸರುವಾಸಿ. ಎಷ್ಟೋ ದೇಶಗಳ ಬ್ರ್ಯಾಂಡು ಅಲ್ಲಿ ತಯಾರಾಗುತ್ತದೆ. ಹೊರಗಿನ ಹೆಸರು ನೋಡಿ ದೇಶಭಕ್ತಿ ಅಳೆಯೋಕೆ ಆಗೋದಿಲ್ಲ ಅಂತ ಅವತ್ತು ಗೊತ್ತಾಯಿತು.

ನಾವು ಮಾಡಲಾರೆವು ಅಂತೇನೂ ಇಲ್ಲ. ನಿಮ್ಮ ಪುಣೆ ಹತ್ತಿರದ ವಾಯಿಯಲ್ಲಿ ಗರ್ವಾರೆ ಕಂಪನಿ ಮಾಡುವ ಬಲೆ ಹೊರದೇಶದ ಸಾಲ್ಮನ್ ಸಾಕಣೆಗೆ ಹೋಗುತ್ತದೆ. ಬಲೆಯಲ್ಲಿ ಜಗತ್ತಿಗೇ ಸಮ ನಿಂತ ದೇಶ ಒಳ್ಳೆ ರೀಲ್ ಯಾಕೆ ಮಾಡಬಾರದು? ಆ ಕೋಪವನ್ನು ಕಾರ್ಖಾನೆ ಹಾಕಬಲ್ಲವರ ಹತ್ತಿರ ತೋರಿಸಿ, ನಾನೂ ಜೊತೆಗೆ ಬರುತ್ತೇನೆ. ಬಲೆಯ ಚೀಲ, ಸೀಸದ ಗುಂಡು ನಾನು ಇಲ್ಲಿಯದನ್ನೇ ಕೊಳ್ಳುತ್ತೇನೆ.

ನಾನು ಆ ಸಾಲು ಬರೆಯೋಕೆ ಒಂದು ಕಾರಣ ಇತ್ತು. ಒಂದು ಸಂಜೆ ಜೆಟ್ಟಿ ಮೇಲೆ ವೆಲ್ಡಿಂಗ್ ಕೆಲಸದವರ ಮಗ, ಹದಿನಾಲ್ಕು ವರ್ಷ ಇರಬಹುದು, ಹೊಸ ರಾಡ್ ತಂದಿದ್ದ. ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಚೀನಾ ಮಾಲು. ಒಬ್ಬರು ಎಲ್ಲರ ಮುಂದೆ ಅವನನ್ನು ದೇಶದ್ರೋಹಿ ಅಂದುಬಿಟ್ಟರು. ಹುಡುಗ ರಾಡ್ ಬೆನ್ನ ಹಿಂದೆ ಹಿಡಿದುಕೊಂಡು ಮನೆಗೆ ಹೋದ. ನಾನು ಅವತ್ತು ಬಾಯಿ ಬಿಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಬಹಿಷ್ಕಾರ ನಿಮ್ಮ ಹಕ್ಕು, ನಾನು ಗೌರವಿಸುತ್ತೇನೆ. ಅದನ್ನು ಮಕ್ಕಳ ಮೇಲೆ ಹೇರಬೇಡಿ.

ಪ್ರಶ್ನೆ: ಟ್ರಂಪ್ ಸುಂಕ ಹಾಕಿದರೆ ಗಾಳ ಹಾಕುವವರಿಗೆ ಏನು ಸಂಬಂಧ? (ಓದುಗರು, ಠಾಣೆ)

ಉತ್ತರ: ಸಂಬಂಧ ಇದೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಎಷ್ಟೋ ಮಾಲಿನ ಮೇಲೆ ಒಟ್ಟು ಶೇ 50 ಸುಂಕ ಹಾಕಿತು. ಅದರಲ್ಲಿ ಅರ್ಧ, ನಾವು ರಷ್ಯಾದ ತೈಲ ಕೊಳ್ಳುತ್ತೇವೆ ಅಂತ. ಮೊದಲ ಪೆಟ್ಟು ತಿಂದವರಲ್ಲಿ ಆಂಧ್ರದ ಸಿಗಡಿ ಸಾಕುವವರೂ ಇದ್ದರು, ಯಾಕೆಂದರೆ ನಮ್ಮ ಸಿಗಡಿಗೆ ದೊಡ್ಡ ಗಿರಾಕಿ ಅಮೆರಿಕವೇ. ಜಪಾನ್ ಮಾಲಿಗೂ ಅವರು ಶೇ 15 ಹಾಕಿದರು, ಅಂದರೆ ಅಮೆರಿಕದ ಗಾಳಗಾರರ ರೀಲಿನ ಬೆಲೆ ಮೇಲೂ ಅದರ ಭಾರ ಬಿತ್ತು. ಸುಂಕವನ್ನು ಹೊರದೇಶದವರು ಕಟ್ಟುತ್ತಾರೆ ಅಂತ ಯಾರು ಹೇಳಿದರೂ ನಂಬಬೇಡಿ. ಕಟ್ಟೋದು ತರಿಸಿಕೊಳ್ಳುವವರು. ನಾನು ಜಪಾನಿನಿಂದ ಒಂದು ರೀಲ್ ತರಿಸಿದಾಗ ಸುಂಕದ ಚೀಟಿ ಹಿಡಿದು ಕೊರಿಯರ್ ಹುಡುಗ ಬಂದದ್ದು ವಾಸ್ಕೋದ ನನ್ನ ಮನೆ ಬಾಗಿಲಿಗೆ, ಕಂಪನಿ ಬಾಗಿಲಿಗಲ್ಲ.

ಪ್ರಶ್ನೆ: ಹೊಸದಾಗಿ ಶುರು ಮಾಡುತ್ತಿದ್ದೇನೆ, ಐದು ಸಾವಿರದೊಳಗೆ ಏನು ಕೊಳ್ಳಲಿ? ಆನ್‌ಲೈನ್‌ನಲ್ಲಿ ಹದಿನಾಲ್ಕು ಬೇರಿಂಗ್ ಇರುವ ರೀಲ್ ಅರ್ಧ ಬೆಲೆಗೆ ಸಿಗುತ್ತಿದೆ. (ಓದುಗರು, ಮಡಗಾಂವ್)

ಉತ್ತರ: ಬೇರಿಂಗ್ ಎಣಿಸಬೇಡಿ. ಒಳ್ಳೆಯ ನಾಲ್ಕು ಇದ್ದರೆ ಕೆಟ್ಟ ಹದಿನಾಲ್ಕಕ್ಕಿಂತ ಮೇಲು. ಅರ್ಧ ಬೆಲೆ ಅಂದರೆ ನಕಲಿ ಇರುವ ಸಾಧ್ಯತೆ ಜಾಸ್ತಿ. ನಾನೂ ಒಮ್ಮೆ ಹಾಗೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಮೋಸ ಹೋದೆ. ಪೆಟ್ಟಿಗೆ ಅಚ್ಚುಕಟ್ಟು, ಹೆಸರು ಸರಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ಹಿಡಿದು ಹಿಡಿದು ಬಿಡುವ ಬ್ರೇಕು, ತಿರುಗಿಸಿದರೆ ಮಾತ್ರ ಟಿಕ್ ಟಿಕ್ ಸದ್ದಿಲ್ಲ. ಮೂರನೇ ವಾರ ಒಂದು ಒಳ್ಳೆ ಚೊಣಕ್ ಕಚ್ಚಿ ಓಡಿತು, ಡ್ರ್ಯಾಗ್ ಕಚ್ಚಿಕೊಂಡಿತು, ದಾರ ಪಟ್ ಅಂತ ಹೋಯಿತು. ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗಿನ ವಾಷರ್ ಒದ್ದೆಯಾಗಿ ಮುದ್ದೆಯಾಗಿತ್ತು. ಬಾಯಲ್ಲಿ ಗಾಳ ಇಟ್ಟುಕೊಂಡು ಹೋದ ಆ ಮೀನು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ಕೊಳ್ಳಿ. ಎಂಟು ಅಡಿ ರಾಡ್, 4000 ಸೈಜಿನ ಸಾದಾ ರೀಲ್, 20 ಪೌಂಡ್ ಬ್ರೇಡ್ (ಹೆಣೆದ ದಾರ), ತುದಿಗೆ 40 ಪೌಂಡ್ ಲೀಡರ್ (ಗಾಳದ ಹತ್ತಿರ ಕಟ್ಟುವ ದಪ್ಪ ದಾರ). ಲೀಡರ್‌ನಲ್ಲಿ ಮಾತ್ರ ಉಳಿತಾಯ ಬೇಡ. ಚೊಣಕ್‌ನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ, ತಲೆ ಕೊಡವಿದರೆ ತೆಳು ದಾರ ನಿಲ್ಲೋದಿಲ್ಲ, ನಿಮ್ಮ ಬೆರಳೂ ಹುಷಾರು. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಮೆಲ್ಲಗೆ ಹಾಕಿ ತೊಳೆಯಿರಿ, ಪೈಪಿನಿಂದ ಜೋರಾಗಿ ಹೊಡೆಯಬೇಡಿ, ಉಪ್ಪು ಒಳಗೆ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಟ್ಟು ಇಡಿ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಮೀನು ಬಿಡುವಾಗ ಅದಕ್ಕೂ ನೋವು ಕಮ್ಮಿ.

ಪ್ರಶ್ನೆ: ಲೋಣಾವಳಾ ಕಡೆ ಮಹಶೀರ್ ಹಿಡಿದು ತಿನ್ನಬಹುದಾ? (ಓದುಗರು, ಚಿಂಚವಾಡ)

ಉತ್ತರ: ಬೇಡ. ಅಲ್ಲಿನ ವಲವಣದಲ್ಲಿ ಟಾಟಾ ಪವರ್‌ನವರು ಎಷ್ಟೋ ದಶಕದಿಂದ ಮಹಶೀರ್ ಅನ್ನುವ ಈ ಹೊಳೆಮೀನಿನ ಮರಿ ಮಾಡಿ ಬೇರೆ ಬೇರೆ ಹೊಳೆಗಳಿಗೆ ಕಳಿಸಿದ್ದಾರೆ. ಅನುಮತಿ ಇದ್ದ ಕಡೆ ಹಿಡಿಯಿರಿ, ಬಿಡಿ.

ಪ್ರಶ್ನೆ: ಅಣ್ಣಾ, ನಾನು ಹುಟ್ಟಿದ್ದೇ ವಾಸ್ಕೋದಲ್ಲಿ. ಆದರೂ ಜೆಟ್ಟಿ ಮೇಲೆ ಗಾಳ ಹಾಕೋಕೆ ಹೋದರೆ ‘ಘಾಂಟಿ (ಘಟ್ಟದ ಮೇಲಿನವ), ನಿನ್ನ ಊರಿಗೆ ಹೋಗು’ ಅಂತಾರೆ. ಹೋಗೋದೇ ಬಿಟ್ಟಿದ್ದೇನೆ. (ಓದುಗ, 19 ವರ್ಷ)

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಸಹಿಸಿಕೋ ಅಂತ ನಾನು ಹೇಳೋದಿಲ್ಲ. ಆ ಮಾತು ನನಗೂ ಬಿದ್ದಿದೆ, ಅದರ ಉರಿ ಗೊತ್ತು. 2018ರಲ್ಲಿ ಮೀನು ಕೆಡದ ಹಾಗೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಆಗಿ ಗೋವಾ ಹೊರಗಿನ ಮೀನನ್ನೇ ನಿಲ್ಲಿಸಿತಲ್ಲ, ಆಗ ಮೀನಿನ ಜೊತೆ ನಮ್ಮನ್ನೂ ಕೊಳಕು ಅನ್ನುವ ಹಾಗೆ ನೋಡಿದವರಿದ್ದರು. ಮೀನು ಪರೀಕ್ಷೆ ಮಾಡಲಿ, ಅದು ಸರಿ. ಮನುಷ್ಯರನ್ನು ಯಾಕೆ ಹಾಗೆ ನೋಡಬೇಕು?

ಆದರೆ ಜಾಗ ಬಿಡಬೇಡ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಮಾಂಡವಿಯ ದಿವಾಡಿ ದ್ವೀಪದಲ್ಲಿ ಒಂದು ಮಾನಸ್ ಹತ್ತಿರ, ಅಂದರೆ ಹೊಳೆದಂಡೆಯ ಖಾಜಾನ್ ಗದ್ದೆಯ ನೀರು ಬಿಡುವ ಬಾಗಿಲ ಹತ್ತಿರ, ಗಾಳ ಹಾಕಿ ಕೂತಿದ್ದೆ. ಒಬ್ಬ ಮುದುಕರು ಬಂದು ಅದೇ ಶಬ್ದದಿಂದ ಬೈದರು. ನಾನು ಎದ್ದು ಹೋಗಲಿಲ್ಲ, ಎದುರು ಮಾತೂ ಆಡಲಿಲ್ಲ. ಮೂರು ಭಾನುವಾರ ಅಲ್ಲೇ ಕೂತೆ, ನನ್ನ ಕಸದ ಜೊತೆ ಬೇರೆಯವರ ಬಾಟಲಿಯನ್ನೂ ಹೆಕ್ಕಿಕೊಂಡು ಹೋದೆ. ನಾಲ್ಕನೇ ಭಾನುವಾರ ಅವರು ಬಂದು ಪಕ್ಕದಲ್ಲಿ ಕೂತು ನನ್ನ ತೋರುಬೆರಳು ಹಿಡಿದು ದಾರದ ಮೇಲಿಟ್ಟರು. ಸುಕ್ತಿ (ಇಳಿತ) ಶುರುವಾಗಲಿ, ನೀರು ಬಾಗಿಲಿಂದ ಹೊರಗೆ ಎಳೆಯುತ್ತದೆ, ಸಣ್ಣ ಮೀನು ಕೊಚ್ಚಿಕೊಂಡು ಬರುತ್ತದೆ, ಚೊಣಕ್ ಹೊರಗೆ ನೆರಳಲ್ಲಿ ಕಾಯುತ್ತದೆ, ಆಗ ಹಾಕು ಅಂದರು. ಕ್ಷಮೆ ಅವರು ಕೇಳಲಿಲ್ಲ, ನಾನೂ ಕೇಳಿಸಲಿಲ್ಲ. ಈ ವಿದ್ಯೆ ನನಗೆ ಬಂದದ್ದು ಅವರಿಂದ, ಈಗ ನಿನಗೆ ಹೇಳುತ್ತಿದ್ದೇನೆ.

ಒಬ್ಬನೇ ಹೋಗಬೇಡ. ಬರುವ ಭಾನುವಾರ ಬೆಳಗ್ಗೆ ಇಳಿತ ಶುರುವಾಗೋ ಮುಂಚೆ ರಾಯಬಂದರಿನ ಕಟ್ಟೆ ರಸ್ತೆಗೆ ಬಾ. ನಾವು ನಾಲ್ಕು ಜನ ಇರುತ್ತೇವೆ, ಇಬ್ಬರು ಇಲ್ಲಿಯವರೇ. ಜೀವಂತ ಸಿಗಡಿ ನಾನು ತರುತ್ತೇನೆ. ನೀನು ಲೀಡರ್ ಮಾತ್ರ ದಪ್ಪದ್ದು ತಗೊಂಡು ಬಾ.