ಚಿಗಾಂಗ್ ಯಾರಿಗೆ ಎಷ್ಟು ಉಪಯೋಗ? ನಮ್ಮ ಡೊಂಬಿವಲಿ ಟೆರೇಸಿನ ಅನುಭವ

ನಿಮ್ಮ ಪ್ರಶ್ನೆ ಓದಿದೆ. ಅಪ್ಪನಿಗೆ 71, ಬಿಪಿ ಇದೆ, ಮಂಡಿ ನೋವು ಇದೆ, ಹೋದ ವರ್ಷ ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದಿದ್ದಾರೆ. ಅಮ್ಮನಿಗೆ ಶುಗರ್, ಇನ್ಸುಲಿನ್ ತಗೊಳ್ತಾರೆ. ನೀವು ಪುಣೆಯ ಹಿಂಜವಡಿಯಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ. ತಂಗಿ ಐದು ತಿಂಗಳ ಬಸುರಿ. ಯೂಟ್ಯೂಬ್‌ನಲ್ಲಿ ಚಿಗಾಂಗ್ ಅನ್ನೋ ಚೀನಾದ ನಿಧಾನಗತಿಯ ವ್ಯಾಯಾಮ ನೋಡಿದ್ದೀರಿ, ಮನೆಮಂದಿಯೆಲ್ಲ ಒಟ್ಟಿಗೆ ಮಾಡಬಹುದಾ, ಇದರಿಂದ ನಿಜಕ್ಕೂ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ. ಆದರೆ ಎಲ್ಲರಿಗೂ ಒಂದೇ ತರಹ ಅಲ್ಲ. ಅಪ್ಪನಿಗೆ ಜಾಸ್ತಿ, ಅಮ್ಮನಿಗೆ ಸ್ವಲ್ಪ, ನಿಮಗೆ ಕಡಿಮೆ.

ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಮಗಳ ಬಾಣಂತನಕ್ಕೆ ಅಂತ ನಾನೂ ಹೆಂಡತಿಯೂ ಮೂರು ತಿಂಗಳು ಸಿಂಗಾಪುರದಲ್ಲಿದ್ದೆವು. ಮಗು ಹೆಂಡತಿಯ ಕೈಲಿ, ಅಡುಗೆಮನೆ ಮಗಳ ಅತ್ತೆಯ ಕೈಲಿ, ನನಗೆ ಮಾಡೋಕೆ ಕೆಲಸ ಇಲ್ಲ. ಬೆಳಿಗ್ಗೆ ಕೆಳಗಿಳಿದರೆ ಬಿಲ್ಡಿಂಗ್ ಅಡಿಯ ಖಾಲಿ ಜಾಗದಲ್ಲಿ ಹತ್ತು ಹದಿನೈದು ಜನ ಚೀನಿ ಅಜ್ಜ ಅಜ್ಜಿಯರು ನಿಧಾನಕ್ಕೆ ಕೈ ಎತ್ತೋದು, ಇಳಿಸೋದು ಮಾಡ್ತಾ ಇರುತ್ತಿದ್ದರು. ಮೂರು ದಿನ ಕಂಬಕ್ಕೆ ಒರಗಿ ನೋಡಿದೆ. ನಾಲ್ಕನೇ ದಿನ ಒಬ್ಬ ಅಜ್ಜಿ ಮಾತಾಡದೆ ನನ್ನ ತೋಳು ಹಿಡಿದು ಸಾಲಿನಲ್ಲಿ ನಿಲ್ಲಿಸಿದರು. ಕಲಿತಿದ್ದು ಅಷ್ಟೇ. ವಾಪಸ್ ಬಂದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಟೆರೇಸ್ ಮೇಲೆ ಶುರು ಮಾಡಿದೆವು, ಈಗ ಒಂಬತ್ತು ಜನ ಬರುತ್ತಾರೆ. ಮಳೆಗಾಲದಲ್ಲಿ ಟೆರೇಸ್ ಪಾಚಿ ಕಟ್ಟುವುದರಿಂದ ಕೆಳಗೆ ಪಾರ್ಕಿಂಗಿನಲ್ಲಿ, ಸ್ಕೂಟರುಗಳ ಮಧ್ಯೆ.

ಚಿ ಅಂದರೆ ಉಸಿರು, ನಾವು ಪ್ರಾಣ ಅಂತೀವಲ್ಲ ಆ ಅರ್ಥವೂ ಇದೆ. ಗಾಂಗ್ ಅಂದರೆ ಅಭ್ಯಾಸದಿಂದ ಬಂದ ಪಳಗಿಕೆ. ಚೀನಾದ ಹುನಾನ್ ಪ್ರಾಂತದ ಮಾವಾಂಗ್‌ದುಯಿ ಎಂಬಲ್ಲಿ 1973ರಲ್ಲಿ ಒಂದು ಗೋರಿ ಅಗೆದಾಗ ರೇಷ್ಮೆ ಬಟ್ಟೆ ಮೇಲೆ ಬರೆದ 44 ಮನುಷ್ಯರ ಚಿತ್ರ ಸಿಕ್ಕಿತು. ಒಬ್ಬೊಬ್ಬರೂ ಒಂದೊಂದು ವ್ಯಾಯಾಮದ ಭಂಗಿಯಲ್ಲಿದ್ದಾರೆ. ಗೋರಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಅಭ್ಯಾಸ ಅಷ್ಟು ಹಳೆಯದು, ಆದರೆ ಚಿಗಾಂಗ್ ಅನ್ನೋ ಹೆಸರು ವ್ಯಾಪಕವಾಗಿ ಬಳಕೆಗೆ ಬಂದಿದ್ದು 1950ರ ದಶಕದಲ್ಲಿ. ಇದರಲ್ಲಿ ನೂರೆಂಟು ಬಗೆ. ನಾವು ಮಾಡೋದು ಬಾದ್ವಾನ್‌ಜಿನ್, ಎಂಟು ಚಲನೆಗಳ ಒಂದು ಸರಣಿ. ಒಂದು ಸಲ ಪೂರ್ತಿ ಮಾಡೋಕೆ ಹನ್ನೆರಡು ಹದಿಮೂರು ನಿಮಿಷ. ಹುಡುಕುವಾಗ ಈ ಹೆಸರೇ ಹಾಕಿ, ಇಲ್ಲದಿದ್ದರೆ ಏನೇನೋ ಸಿಗುತ್ತೆ.

ಈಗ ಅಪ್ಪನ ವಿಷಯ. ಬಿದ್ದಿದ್ದಾರೆ ಅಂದಿರಲ್ಲ, ನಾನು ಮೊದಲು ಅದನ್ನೇ ಹಿಡಿದುಕೊಳ್ಳುತ್ತೇನೆ, ಬಿಪಿಯನ್ನಲ್ಲ. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ, 78 ವರ್ಷ. ಅವರೂ ಒಮ್ಮೆ ಬಿದ್ದಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಗೋಡೆ ಹಿಡಿದೇ ನಡೆಯೋದು, ದೇವಸ್ಥಾನಕ್ಕೂ ಬರಲ್ಲ, ಲಿಫ್ಟ್ ಬಾಗಿಲು ದಾಟೋಕೂ ಯಾರಾದರೂ ಕೈ ಕೊಡಬೇಕು. ಬಾದ್ವಾನ್‌ಜಿನ್‌ನ ಕೊನೇ ಚಲನೆ ಏನಂದರೆ ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ಒಂದು ಕ್ಷಣ ನಿಂತು, ಮೆಲ್ಲಗೆ ಇಳಿಸೋದು. ಏಳು ಸಲ. ಅತ್ತೆ ಮೊದಲ ತಿಂಗಳು ನೀರಿನ ಟ್ಯಾಂಕಿನ ಗೋಡೆಗೆ ಎರಡೂ ಅಂಗೈ ಊರಿಕೊಂಡೇ ಮಾಡಿದರು, ಹಿಮ್ಮಡಿ ನೆಲ ಬಿಡುತ್ತಿದ್ದದ್ದು ಒಂದು ಬೆರಳಿನಷ್ಟು. ಆಮೇಲೆ ಒಂದು ಕೈ. ಆಮೇಲೆ ಬರೀ ಬೆರಳ ತುದಿ. ಒಂದು ದಿನ ನಾನು ಓರೆಗಣ್ಣಲ್ಲಿ ನೋಡಿದೆ, ಬೆರಳು ಗೋಡೆಯಿಂದ ಒಂದಿಂಚು ದೂರ ಇತ್ತು. ಹೇಳಿದರೆ ಹೆದರಿಬಿಡುತ್ತಾರೆ ಅಂತ ನಾನೂ ಸುಮ್ನೆ ಇದ್ದೆ. ಆಗ ಸುಮಾರು ನಾಲ್ಕು ತಿಂಗಳಾಗಿತ್ತು.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 70 ದಾಟಿದ, ಈಗಾಗಲೇ ಬಿದ್ದಿದ್ದ ಅಥವಾ ನಡೆಯೋಕೆ ಕಷ್ಟಪಡುತ್ತಿದ್ದ 670 ಜನರ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ ಬಂದಿದ್ದು 2018ರಲ್ಲಿ. ವಾರಕ್ಕೆ ಎರಡು ಸಲದಂತೆ ಆರು ತಿಂಗಳು ತೈ ಚಿ ಮಾಡಿದ ಗುಂಪಿನಲ್ಲಿ, ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಬೀಳುವುದು ಶೇ. 58ರಷ್ಟು ಕಡಿಮೆಯಾಗಿತ್ತು. ತೈ ಚಿ ಅಂದರೆ ಚಿಗಾಂಗ್‌ನ ಒಡಹುಟ್ಟು ಅಂದುಕೊಳ್ಳಿ, ಎರಡೂ ಒಂದೇ ಅಲ್ಲ. ಆದರೆ ಕೆಲಸ ಮಾಡುವ ರೀತಿ ಒಂದೇ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನಕ್ಕೆ ಸಾಗಿಸೋದು, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲೋದು, ಕಣ್ಣು ಕೈಯನ್ನೇ ಹಿಂಬಾಲಿಸೋದು. ವಯಸ್ಸಾದವರು ಬೀಳೋದು ಹೆಚ್ಚಾಗಿ ಈ ಭಾರ ಬದಲಾಗುವ ಗಳಿಗೆಯಲ್ಲೇ ಅಲ್ವಾ, ಬಚ್ಚಲ ಹೊಸ್ತಿಲು ದಾಟುವಾಗ, ತಿರುಗುವಾಗ. ಪಾರ್ಕಿನ್ಸನ್ ಇರುವವರಿಗೂ ತೈ ಚಿಯಿಂದ ಸಮತೋಲನ ಸುಧಾರಿಸಿದ್ದು 2012ರ ಒಂದು ಪ್ರಯೋಗದಲ್ಲಿ ಕಂಡಿದೆ.

ನಮ್ಮ ಯೋಗ ಇಲ್ವಾ, ಚೀನಾದ್ದೇ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನನಗೂ ಕೇಳಿದ್ದಾರೆ. ಯೋಗ ಮಾಡಿ, ಬೇಡ ಅಂದವರಾರು? ಆದರೆ ಅತ್ತೆಯನ್ನು ಯೋಗದ ಕ್ಲಾಸಿಗೆ ಕರೆದುಕೊಂಡು ಹೋದಾಗ ಚಾಪೆ ಮೇಲೆ ಕೂರೋಕೆ ಇಬ್ಬರು, ಏಳಿಸೋಕೆ ಇಬ್ಬರು ಬೇಕಾಯಿತು. ಅವರಿಗೇ ನಾಚಿಕೆಯಾಗಿ ಎರಡನೇ ದಿನ ಹೋಗಲಿಲ್ಲ. ಇಲ್ಲಿ ನೆಲಕ್ಕೆ ಕೂರುವ ಪ್ರಶ್ನೆಯೇ ಇಲ್ಲ, ನಿಂತೇ ಮಾಡೋದು, ಆಗದಿದ್ದರೆ ಕುರ್ಚಿಯಲ್ಲಿ ಕೂತು. ಮಂಡಿ ಹೋದವರಿಗೆ ಇದೊಂದೇ ಸಾಕು. ಮಂಡಿ ಸವೆತಕ್ಕೇ ಅಂತ 204 ಜನರ ಮೇಲೆ ನಡೆದು 2016ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 12 ವಾರದ ತೈ ಚಿ ಫಿಸಿಯೋಥೆರಪಿಯಷ್ಟೇ ನೋವು ಇಳಿಸಿತ್ತು. ಆದರೆ ಅಪ್ಪ ವಿಡಿಯೋದಲ್ಲಿ ತೋರಿಸುವಷ್ಟು ಆಳಕ್ಕೆ ಕೂರಬಾರದು. ಐದನೇ ಚಲನೆಯಲ್ಲಿ ಕಾಲು ಅಗಲಿಸಿ, ಕುದುರೆ ಮೇಲೆ ಕೂತ ಹಾಗೆ ಕೂತು, ಸೊಂಟ ತಿರುಗಿಸೋದು ಇದೆ. ಅದರಲ್ಲಿ ಅರ್ಧವೂ ಬೇಡ, ಕಾಲು ಭಾಗ ಬಗ್ಗಿದರೆ ಸಾಕು.

ಬಿಪಿಗೆ ಬರೋಣ, ಇಲ್ಲಿ ಸ್ವಲ್ಪ ಕೋಪದಲ್ಲೇ ಬರೀತೀನಿ. ಉಪಯೋಗ ಇದೆ. ಬಿಪಿ ಗಡಿರೇಖೆಯ ಹತ್ತಿರ ಇದ್ದ 342 ಜನರ ಮೇಲೆ ಬೀಜಿಂಗ್‌ನಲ್ಲಿ ಒಂದು ವರ್ಷ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೈ ಚಿ ಮಾಡಿದವರ ಮೇಲಿನ ಬಿಪಿ ಸರಾಸರಿ 7 ಪಾಯಿಂಟ್ ಇಳಿಯಿತು. ಬಿರುಸಿನ ನಡಿಗೆ, ಸೈಕಲ್ ಅಂತ ಮಾಡಿದವರದ್ದು ನಾಲ್ಕೂವರೆ. ಬಾದ್ವಾನ್‌ಜಿನ್ ಮೇಲೂ ಬಹಳ ಅಧ್ಯಯನಗಳಿವೆ, ಇಳಿಯುತ್ತೆ ಅಂತಲೇ ಹೇಳುತ್ತವೆ, ಆದರೆ ಹೆಚ್ಚಿನವು ಸಣ್ಣವು, ಗಟ್ಟಿಯಾಗಿ ನಡೆಸಿದ್ದಲ್ಲ. ಸರಿ, 7 ಪಾಯಿಂಟ್ ಸಣ್ಣ ವಿಷಯ ಅಲ್ಲ. ಹಾಗಂತ ಮಾತ್ರೆ ಬಿಡುವಷ್ಟೂ ಅಲ್ಲ.

ನಮ್ಮ ಎರಡನೇ ಮಹಡಿಯ ಶೆಟ್ರು ಹೊಟೇಲ್ ನಡೆಸುವವರು, ಮೂವತ್ತು ವರ್ಷ ಗಲ್ಲೆಯಲ್ಲಿ ಕೂತು ಬಿಪಿ ಬರಿಸಿಕೊಂಡವರು. ನಮ್ಮ ಜೊತೆ ನಾಲ್ಕು ತಿಂಗಳು ಮಾಡಿ ಖುಷಿಯಾಗಿ, ಇನ್ನೂ ಚೆನ್ನಾಗಿ ಕಲೀಬೇಕು ಅಂತ ಎಲ್ಲೋ ಒಂದು ಹಾಲ್‌ನಲ್ಲಿ ನಡೆದ ವಾರಾಂತ್ಯದ ಶಿಬಿರಕ್ಕೆ ಹೋದರು. ಫೀಸು ಕೇಳಿದರೆ ನಿಮಗೂ ಬಿಪಿ ಏರುತ್ತೆ. ಅಲ್ಲಿನ ಗುರುಗಳು ಎರಡಡಿ ದೂರದಿಂದ ಕೈ ಚಾಚಿ ಚಿ ಕಳಿಸಿದರಂತೆ, ಶೆಟ್ರಿಗೆ ಎದೆಯಲ್ಲಿ ಬಿಸಿಯಾಯಿತಂತೆ, ಇನ್ನು ಗುಳಿಗೆ ಯಾಕೆ, ಅದು ಚಿಯನ್ನು ತಡೆಯುತ್ತೆ ಅಂದರಂತೆ. ಶೆಟ್ರು ನಿಲ್ಲಿಸಿಯೇಬಿಟ್ಟರು. ಹನ್ನೆರಡನೇ ದಿನ ಬೆಳಿಗ್ಗೆ ತಲೆ ಸಿಡಿಯುತ್ತೆ ಅಂತ ಟೆರೇಸ್ ಮೆಟ್ಟಿಲ ಮೇಲೇ ಕೂತರು. ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ 190ಕ್ಕೆ 110. ಡಾಕ್ಟರ್ ಬೈದಿದ್ದು ಶೆಟ್ರಿಗಲ್ಲ, ನನಗೆ. ದೂರದಿಂದ ಚಿ ಕಳಿಸಿ ರೋಗ ವಾಸಿ ಮಾಡೋದಕ್ಕೆ ಯಾವ ಆಧಾರವೂ ಇಲ್ಲ. ಅಂಥವರು ಸಿಕ್ಕರೆ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬನ್ನಿ. ಶೆಟ್ರು ಈಗ ಗುಳಿಗೆ ನುಂಗಿಯೇ ಟೆರೇಸ್‌ಗೆ ಬರುತ್ತಾರೆ.

ಅಪ್ಪನಿಗೆ ಇನ್ನೊಂದು ಮಾತು. ಆರನೇ ಚಲನೆಯಲ್ಲಿ ಮುಂದೆ ಬಗ್ಗಿ ಪಾದ ಮುಟ್ಟೋದಿದೆ. ಬಿಪಿ ಇದ್ದವರು, ಗ್ಲಾಕೋಮಾ ಇದ್ದವರು, ಮೂಳೆ ಸವೆದವರು ತಲೆ ಕೆಳಗಾಗುವಷ್ಟು ಬಗ್ಗಬೇಡಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಬಗ್ಗಿ ಫಕ್ಕನೆ ಎದ್ದರೆ ತಲೆ ಸುತ್ತುತ್ತೆ, ಬೀಳದಿರಲಿ ಅಂತ ಶುರು ಮಾಡಿದ್ದೇ ಬೀಳೋಕೆ ಕಾರಣ ಆಗುತ್ತೆ. ಕೈ ತೊಡೆವರೆಗೆ ಜಾರಿಸಿದರೆ ಆಯ್ತು. ಉಸಿರನ್ನಂತೂ ಬಿಗಿ ಹಿಡಿಯಲೇಬಾರದು.

ಅಮ್ಮನಿಗೆ ಶುಗರ್ ಸ್ವಲ್ಪ ಹಿಡಿತಕ್ಕೆ ಬರಬಹುದು, ಆದರೆ ಅದಕ್ಕೆ ಊಟ ಆದ ಮೇಲಿನ ನಡಿಗೆ ಬಿಟ್ಟು ಇದನ್ನು ಮಾಡಿ ಅಂತ ನಾನು ಹೇಳಲ್ಲ, ನಡಿಗೆಯ ಜೊತೆಗೆ ಮಾಡಲಿ. ಇನ್ಸುಲಿನ್ ತಗೊಂಡು ಖಾಲಿ ಹೊಟ್ಟೆಯಲ್ಲಿ ಬರೋದು ಬೇಡ, ಏನಾದರೂ ತಿಂದು ಬರಲಿ, ಜೇಬಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಲ್ಲಿ ಬೇಡವೇ ಬೇಡ. ನಮ್ಮ ಗುಂಪಿನ ಒಬ್ಬರಿಗೆ ಟೆರೇಸ್‌ನಲ್ಲಿ ಮೊಳೆ ಚುಚ್ಚಿದ್ದು ಸಂಜೆ ಸಾಕ್ಸ್ ತೆಗೆದಾಗಲೇ ಗೊತ್ತಾಗಿದ್ದು.

ತಂಗಿಗೆ, ಅವರ ಡಾಕ್ಟರ್ ಒಪ್ಪಿದರೆ, ಕುರ್ಚಿಯಲ್ಲಿ ಕೂತು ಕೈ ಎತ್ತುವ, ಕತ್ತು ತಿರುಗಿಸುವ ಚಲನೆಗಳು ಸಾಕು. ತುದಿಗಾಲು, ಆಳಕ್ಕೆ ಬಗ್ಗೋದು, ಉಸಿರು ಹಿಡಿಯೋದು ಬಿಡಲಿ.

ಇನ್ನು ನೀವು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ವಯಸ್ಸಿಗೆ ಇದು ವ್ಯಾಯಾಮ ಅಂತ ಲೆಕ್ಕಕ್ಕೆ ಬರೋದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಉಸಿರು ಸ್ವಲ್ಪ ಜೋರಾಗುವಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಬಾದ್ವಾನ್‌ಜಿನ್‌ನಲ್ಲಿ ಬೆವರೂ ಸರಿಯಾಗಿ ಬರಲ್ಲ. ನನ್ನ ಮಗ ದಿನಾ ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ಬರುವವನು, ಒಂದು ವಾರ ನಮ್ಮ ಜೊತೆ ನಿಂತು, ಪಪ್ಪಾ ನನಗೆ ನಿದ್ದೆ ಬರುತ್ತೆ ಅಂತ ಹೋದ. ಆದರೆ ಆ ನಿದ್ದೆಯೇ ನಿಮಗೆ ಬೇಕಾಗಿದ್ದರೆ? ಅವನೇ ಈಗ ರಾತ್ರಿ ಮಲಗುವ ಮುಂಚೆ ನಾಲ್ಕನೇ ಚಲನೆ, ಅಂದರೆ ಭುಜ ತೆರೆದು ಕತ್ತು ಹಿಂದಕ್ಕೆ ತಿರುಗಿಸಿ ನೋಡೋದು, ಅದೊಂದನ್ನೇ ಐದು ನಿಮಿಷ ಮಾಡುತ್ತಾನೆ. ಲ್ಯಾಪ್‌ಟಾಪ್ ಕತ್ತಿಗೆ ಒಳ್ಳೇದು. ಓಟ, ಜಿಮ್ ಏನಿದೆಯೋ ಅದನ್ನು ಬಿಡಬೇಡಿ.

ನೀವು ಕೇಳದಿದ್ದರೂ ಇಬ್ಬರ ಬಗ್ಗೆ ಹೇಳಿಬಿಡ್ತೀನಿ, ಓದುವ ಬೇರೆಯವರಿಗೆ ಬೇಕಾಗಬಹುದು. ನಮ್ಮಲ್ಲಿ ಬರುವ ಒಬ್ಬ ಮರಾಠಿ ಕಾಕಾ ಹರೆಯದಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದವರು, ಹತ್ತಿ ಧೂಳಿನಿಂದ ಶ್ವಾಸಕೋಶ ಕೆಟ್ಟಿದೆ. ಅವರಿಗೆ ಲಿಯುಝಿಜ್ಯೆ ಅಂತ ಇನ್ನೊಂದು ಬಗೆ ಹಿಡಿಸಿದೆ, ಆರು ಬೇರೆ ಬೇರೆ ಶಬ್ದ ಮಾಡುತ್ತಾ ಉಸಿರನ್ನು ಉದ್ದಕ್ಕೆ ಬಿಡೋದು. ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡಿ ಅಂತ ಫಿಸಿಯೋಥೆರಪಿಯವರು ಹೇಳಿಕೊಡ್ತಾರಲ್ಲ, ಅದರ ಹತ್ತಿರದ ತಂತ್ರ. ಶ್ವಾಸನಾಳ ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತೆ. ಮೊದಲು ಟೆರೇಸ್ ಹತ್ತೋಕೆ ಮೂರು ಕಡೆ ನಿಲ್ಲುತ್ತಿದ್ದ ಕಾಕಾ ಈಗ ಒಂದು ಕಡೆ ನಿಲ್ಲುತ್ತಾರೆ. ಇನ್‌ಹೇಲರ್ ಜೇಬಲ್ಲೇ ಇರುತ್ತೆ.

ಇನ್ನೊಂದು, ಮಾನಸಿಕ ಕಾಯಿಲೆ ಇರುವವರು. ಗಂಟೆಗಟ್ಟಲೆ ಕಣ್ಣು ಮುಚ್ಚಿ ಚಿಯನ್ನು ಮೈಯೊಳಗೆ ಓಡಿಸುವ ಧ್ಯಾನದ ಬಗೆಗಳೂ ಇವೆ. ಅದನ್ನು ಅತಿಯಾಗಿ ಮಾಡಿ ಭ್ರಮೆಗೆ ಒಳಗಾದವರು ಚೀನಾದಲ್ಲಿ ಎಷ್ಟೋ ಜನ ಇದ್ದರು, ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯಲ್ಲಿ ಅದಕ್ಕೆ ಬೇರೆಯೇ ಹೆಸರು ಕೊಟ್ಟು ಸೇರಿಸಿದ್ದರು. ಹಿಂದೆ ಅಂಥ ತೊಂದರೆ ಆಗಿದ್ದವರು ಆ ಕಡೆ ತಲೆ ಹಾಕಬಾರದು. ಕಣ್ಣು ತೆರೆದು, ಜನರ ಜೊತೆ, ಹತ್ತು ಹದಿನೈದು ನಿಮಿಷ ಕೈಕಾಲು ಆಡಿಸೋದು ಬೇರೆ ವಿಷಯ, ಅದನ್ನೂ ಅವರ ಡಾಕ್ಟರಿಗೆ ಹೇಳಿ ಮಾಡಲಿ.

ಶುರು ಮಾಡೋದು ಹೀಗೆ. ಅಪ್ಪನಿಗೆ ಮೊದಲ ಎರಡು ವಾರ ಎಂಟೂ ಕಲಿಸೋಕೆ ಹೋಗಬೇಡಿ, ಒಂದನೆಯದು, ಅಂದರೆ ಎರಡೂ ಕೈ ತಲೆ ಮೇಲಕ್ಕೆ ಎತ್ತೋದು, ಮತ್ತು ಎಂಟನೆಯದು ಸಾಕು. ಅಡುಗೆಮನೆ ಕಟ್ಟೆ ಅಥವಾ ಗೋಡೆ ಕೈಗೆ ಎಟುಕುವ ಜಾಗ ಇರಲಿ. ಪ್ಲಾಸ್ಟಿಕ್ ಕುರ್ಚಿ ಹಿಡಿಸಬೇಡಿ, ಅದು ಅವರ ಜೊತೆಗೇ ಬೀಳುತ್ತೆ. ವಾರದಲ್ಲಿ ನಾಲ್ಕು ದಿನ ಆದರೂ ಆಗಲಿ. ಮೂರು ತಿಂಗಳಾಗುವವರೆಗೆ ಏನೂ ಆಗಲಿಲ್ಲ ಅಂತ ಗೊಣಗಿದರೆ ಗೊಣಗಲಿ, ನಮ್ಮ ಅತ್ತೆ ಇವತ್ತಿಗೂ ಗೊಣಗುತ್ತಾರೆ. ಮತ್ತೆ ಆ ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಇದಕ್ಕೆಲ್ಲ ಮುಂಚೆ, ಈ ವಾರವೇ.