ಅರ್ಧಕ್ಕೆ ನಿಂತ ಮಟ್ಟು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಆತ್ಮೀಯರೇ,

1935ರ ಕಪ್ಪು-ಬಿಳುಪು ಸಿನಿಮಾ ‘ನಾಟಿ ಮಾರಿಯೆಟಾ’ ನೋಡಿ ಬರೆದಿದ್ದೀರಿ. ಅದರ ಹಾಡು ಒಂದು ವಾರವಾದರೂ ತಲೆಯಿಂದ ಇಳಿದಿಲ್ಲ ಅಂದಿದ್ದೀರಿ. ಜೊತೆಗೆ ಮೂರು ಪ್ರಶ್ನೆ. ಇದು ಮೊದಲು ನಾಟಕವಾಗಿತ್ತೇ? ಹಾಗಿದ್ದರೆ ಇಷ್ಟು ಕಷ್ಟದ ಹಾಡುಗಳನ್ನು ರಂಗದ ಮೇಲೆ ದಿನಾ ರಾತ್ರಿ ಹಾಡುತ್ತಿದ್ದವರು ಯಾರು? ಈಗ ಯಾಕೆ ಇದನ್ನು ಹೆಚ್ಚು ಆಡೋದಿಲ್ಲ?

ಹೌದು, ಮೊದಲು ನಾಟಕವೇ. ಉಳಿದ ಎರಡಕ್ಕೂ ಸೇರಿ ಒಂದೇ ಉತ್ತರ ಇದೆ. ಈ ಆಪೆರೆಟಾ, ಅಂದರೆ ಹಗುರ ಸಂಗೀತ ನಾಟಕ, ಕೆಲವೇ ಕೆಲವು ಗಂಟಲುಗಳಿಗೆ ಅಳತೆ ತೆಗೆದು ಹೊಲಿದ ಬಟ್ಟೆ. ಅದು ಬೇರೆಯವರಿಗೆ ಸುಲಭವಾಗಿ ಹೊಂದಲಿಲ್ಲ.

ಇದರ ಹಿಂದೆ ಒಂದು ಒಪ್ಪಂದದ ಕಥೆ ಇದೆ. ಆಸ್ಕರ್ ಹ್ಯಾಮರ್‌ಸ್ಟೈನ್ ಅಂತ ಒಬ್ಬರಿದ್ದರು. ಸಿಗಾರ್ ಮಾಡುವ ಯಂತ್ರಗಳ ಪೇಟೆಂಟಿನಿಂದ ದುಡ್ಡು ಮಾಡಿ, ಅದನ್ನೆಲ್ಲ ರಂಗಮಂದಿರ ಕಟ್ಟೋದಕ್ಕೆ ಸುರಿದವರು. (‘ಸೌಂಡ್ ಆಫ್ ಮ್ಯೂಸಿಕ್’ಗೆ ಹಾಡು ಬರೆದವರು ಇವರ ಮೊಮ್ಮಗ. ಹೆಸರೂ ಅದೇ.) 1906ರಲ್ಲಿ ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್ ಆಪೆರಾ ಹೌಸ್ (ಆಪೆರಾ ಅಂದರೆ ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ) ತೆರೆದು, ಬಲಾಢ್ಯ ಮೆಟ್ರೊಪಾಲಿಟನ್ ಆಪೆರಾಗೇ ಸೆಡ್ಡು ಹೊಡೆದರು. ನಾಲ್ಕು ಸೀಸನ್ ಜಟಾಪಟಿ ನಡೆಯಿತು. ಎರಡೂ ಕಡೆ ಹಣ ನೀರಿನಂತೆ ಹೋಯಿತು. ಕೊನೆಗೆ 1910ರ ಏಪ್ರಿಲ್‌ನಲ್ಲಿ ಮೆಟ್ರೊಪಾಲಿಟನ್‌ನವರು 12 ಲಕ್ಷ ಡಾಲರ್ ಕೊಟ್ಟು ಅವರನ್ನು ಕಣದಿಂದ ಕಳಿಸಿದರು. ಷರತ್ತು ಏನೆಂದರೆ, ಹತ್ತು ವರ್ಷ ಅವರು ನ್ಯೂಯಾರ್ಕಿನಲ್ಲಿ ಆಪೆರಾ ಆಡಿಸುವಂತಿಲ್ಲ.

ಆದರೆ ಆಪೆರೆಟಾ ಆಡಿಸಬೇಡ ಅಂತ ಯಾರೂ ಹೇಳಿರಲಿಲ್ಲ. ಹಾಡುಗಳ ನಡುವೆ ಮಾತು ಬರುತ್ತೆ, ಕಥೆ ಹಗುರ, ಅದು ಬೇರೆ ಜಾತಿ. ಕೈಯಲ್ಲಿ ಒಳ್ಳೆಯ ಆಪೆರಾ ಗಾಯಕರಿದ್ದರು. ಅವರಿಗೆ ಕೆಲಸ ಬೇಕಿತ್ತು. ಹ್ಯಾಮರ್‌ಸ್ಟೈನ್ ನೇರ ಸಂಗೀತ ರಚಿಸುವ ವಿಕ್ಟರ್ ಹರ್ಬರ್ಟ್ ಹತ್ತಿರ ಹೋದರು.

ಹರ್ಬರ್ಟ್ ಮೂಲತಃ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕರು. 1886ರಲ್ಲಿ ಮೆಟ್ರೊಪಾಲಿಟನ್ ಆಪೆರಾ ಅವರ ಹೆಂಡತಿಯನ್ನು ಗಾಯಕಿಯಾಗಿ ಕರೆಸಿಕೊಂಡಿತು. ಇವರೂ ಜೊತೆಗೆ ಬಂದು ಅದೇ ವಾದ್ಯವೃಂದದಲ್ಲಿ ಕೂತರು. 1910ರ ಹೊತ್ತಿಗೆ ‘ಬೇಬ್ಸ್ ಇನ್ ಟಾಯ್‌ಲ್ಯಾಂಡ್’, ‘ದ ರೆಡ್ ಮಿಲ್’ ಬರೆದು ಮನೆಮಾತಾಗಿದ್ದರು. ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಗೆ ಬರೆಯುವಾಗ ನಟರ ಗಂಟಲು ನೋಡಿಕೊಂಡು ಸ್ವರ ಇಳಿಸಬೇಕಾಗುತ್ತಿತ್ತು. ಈ ಸಲ ಆ ಕಟ್ಟು ಇರಲಿಲ್ಲ. ನಾಯಕಿ ಎಮ್ಮಾ ಟ್ರೆಂಟಿನಿ, ನಾಯಕ ಆರ್ವಿಲ್ ಹ್ಯಾರಲ್ಡ್, ಇಬ್ಬರೂ ಮ್ಯಾನ್‌ಹಟನ್ ಆಪೆರಾದವರು. ಹ್ಯಾರಲ್ಡ್ ಮುಂದೆ 1919ರಲ್ಲಿ ಮೆಟ್ರೊಪಾಲಿಟನ್‌ನಲ್ಲೇ ಹಾಡಿದರು. ಅಂಥ ದನಿಗಳು ಸಿಕ್ಕಾಗ ಹರ್ಬರ್ಟ್ ಕೈ ಬಿಚ್ಚಿ ಬರೆದರು.

1910ರ ಅಕ್ಟೋಬರ್ 24ರಂದು ಸಿರಕ್ಯೂಸ್ ಊರಿನಲ್ಲಿ ಮೊದಲ ಪ್ರದರ್ಶನ. ನವೆಂಬರ್ 7ಕ್ಕೆ ನ್ಯೂಯಾರ್ಕ್. ಅಲ್ಲಿ 136 ಪ್ರದರ್ಶನ ಕಂಡಿತು. ಇವತ್ತಿನ ಲೆಕ್ಕದಲ್ಲಿ ಕಡಿಮೆ ಅನ್ನಿಸಬಹುದು, ಆ ಕಾಲಕ್ಕೆ ಚೆನ್ನಾಗೇ ಓಡಿದ ಹಾಗೆ.

ಮಾತು ಮತ್ತು ಹಾಡಿನ ಸಾಹಿತ್ಯ ಬರೆದವರು ರೀಡಾ ಜಾನ್ಸನ್ ಯಂಗ್ ಎಂಬ ಮಹಿಳೆ. ಕಥೆ ನಡೆಯುವುದು 1780ರ ನ್ಯೂ ಆರ್ಲಿಯನ್ಸ್‌ನಲ್ಲಿ. ಆಗ ಆ ಊರು ಸ್ಪೇನಿನ ಕೈಯಲ್ಲಿತ್ತು, ನಾಟಕದಲ್ಲಿ ಮಾತ್ರ ಇನ್ನೂ ಫ್ರೆಂಚರ ಆಡಳಿತ. ಇತಿಹಾಸ ಓದಿದವರಿಗೆ ಇದು ಚುಚ್ಚುತ್ತೆ. ನನಗೂ ಚುಚ್ಚಿತು. ಆದರೆ ಕಥೆಯ ಒಂದು ಎಳೆ ನನ್ನನ್ನು ಹಿಡಿದು ಕೂರಿಸಿತು. ಮಾರಿಯೆಟಾ ಮನೆ ಬಿಟ್ಟು ಓಡಿಬಂದ ಹುಡುಗಿ. ಕನಸಿನಲ್ಲಿ ಕೇಳಿದ ಒಂದು ಮಟ್ಟು ಅವಳಿಗೆ ಅರ್ಧ ಮಾತ್ರ ನೆನಪಿದೆ. ಉಳಿದ ಅರ್ಧವನ್ನು ಯಾರು ಹಾಡುತ್ತಾರೋ ಅವನೇ ನನ್ನವನು ಅನ್ನುತ್ತಾಳೆ. ಕೇಳುವ ನಮಗೂ ಆ ಮಟ್ಟು ತುಂಡಾಗಿಯೇ ಸಿಗುತ್ತೆ. ಅವಳು ಗುನುಗುತ್ತಾಳೆ, ನಿಲ್ಲಿಸುತ್ತಾಳೆ. ಕಿವಿ ಮುಂದಿನ ಸ್ವರಕ್ಕೆ ಕಾಯುತ್ತೆ, ಅದು ಬರೋದಿಲ್ಲ. ಕೊನೆಯಲ್ಲಿ ನಾಯಕ ಕ್ಯಾಪ್ಟನ್ ಡಿಕ್ ಅದನ್ನು ಪೂರ್ತಿ ಹಾಡಿದಾಗ ಇಡೀ ಸಂಜೆಯ ಕಾಯುವಿಕೆ ತೀರುತ್ತೆ. ನಿಮ್ಮ ತಲೆಯಲ್ಲಿ ಕೂತಿರುವುದು ಅದೇ ಹಾಡು, ‘ಆ! ಸ್ವೀಟ್ ಮಿಸ್ಟರಿ ಆಫ್ ಲೈಫ್’. ಸುಮ್ನೆ ಕೂತಿಲ್ಲ ನೋಡಿ.

ಇನ್ನೊಂದು ‘ಇಟಾಲಿಯನ್ ಸ್ಟ್ರೀಟ್ ಸಾಂಗ್’. ಮೇಳದವರೆಲ್ಲ ಮ್ಯಾಂಡೊಲಿನ್ ಮೀಟಿದ ಹಾಗೆ ಪದ ಕುಣಿಸುತ್ತಾರೆ. ಅವರೆಲ್ಲರ ಮೇಲೆ ಮಾರಿಯೆಟಾಳ ದನಿ ಒಂಟಿಯಾಗಿ ಹಾರುತ್ತೆ. ಕೊನೆಗೆ ಎತ್ತರದ ದನಿಯ ಗಾಯಕಿಯರಾದ ಸೊಪ್ರಾನೊಗಳೂ ಹೆದರುವ ಆ ಮೇಲಿನ ‘ಸಿ’ ಸ್ವರ. ಮೈಕ್ ಇಲ್ಲದ ಕಾಲ. ಕೆಳಗೆ ತುಂಬು ವಾದ್ಯವೃಂದ, ಹಿಂದೆ ಇಡೀ ಮೇಳ. ಅದೆಲ್ಲ ದಾಟಿ ಕೊನೆಯ ಸಾಲಿನ ಕುರ್ಚಿಗೆ ದನಿ ಮುಟ್ಟಬೇಕು, ದಿನಾ. ನೀವು ಕೇಳಿದ ‘ಯಾರು ಹಾಡುತ್ತಿದ್ದರು’ ಅನ್ನುವ ಪ್ರಶ್ನೆಯ ತೂಕ ಇಲ್ಲೇ ಗೊತ್ತಾಗುವುದು.

ಹರ್ಬರ್ಟ್ ಮತ್ತು ಟ್ರೆಂಟಿನಿ ನಡುವೆ ಜಗಳ ಹುಟ್ಟಿದ್ದೂ ಇದೇ ಹಾಡಿನಿಂದ. 1912ರ ಒಂದು ಪ್ರದರ್ಶನಕ್ಕೆ ಹರ್ಬರ್ಟರೇ ವಾದ್ಯವೃಂದ ನಡೆಸುತ್ತಿದ್ದರು. ಹಾಡು ಮುಗಿಯಿತು, ಜನ ಒನ್ಸ್ ಮೋರ್ ಕೇಳಿದರು. ಹರ್ಬರ್ಟ್ ಮತ್ತೆ ಹಾಡು ಅಂತ ಸನ್ನೆ ಮಾಡಿದರು. ಟ್ರೆಂಟಿನಿ ಹಾಡಲಿಲ್ಲ. ಹರ್ಬರ್ಟ್ ಕೋಲು ಬಿಟ್ಟು ಹೊರಟೇ ಹೋದರು. ಅವಳಿಗೆ ಇನ್ನು ಒಂದು ಸ್ವರವನ್ನೂ ಬರೆಯೋದಿಲ್ಲ ಅಂತ ಪಟ್ಟು ಹಿಡಿದರು. ಆಕೆಗೆ ಒಪ್ಪಿಕೊಂಡಿದ್ದ ಮುಂದಿನ ಆಪೆರೆಟಾ ಆಗ ಅಷ್ಟೇನೂ ಹೆಸರಿಲ್ಲದ ರುಡಾಲ್ಫ್ ಫ್ರಿಮ್ಲ್ ಪಾಲಾಯಿತು. ಅದು ‘ದ ಫೈರ್‌ಫ್ಲೈ’. ಅದೇ ಡಿಸೆಂಬರ್‌ನಲ್ಲಿ ರಂಗಕ್ಕೆ ಬಂತು, ಗೆದ್ದಿತು, ಫ್ರಿಮ್ಲ್‌ಗೆ ದಾರಿ ತೆರೆಯಿತು. ಹರ್ಬರ್ಟರ ಕೋಪ ನನಗೆ ಅರ್ಥವಾಗುತ್ತೆ. ಆದರೂ ನನ್ನ ಮನಸ್ಸು ಟ್ರೆಂಟಿನಿಯ ಕಡೆಗೇ ವಾಲುತ್ತೆ. ಆ ‘ಸಿ’ ಮುಟ್ಟಬೇಕಾದವರು ಅವರು ತಾನೇ?

ಆಮೇಲೆ ಬ್ರಾಡ್‌ವೇಯಲ್ಲಿ 1929 ಮತ್ತು 1931ರಲ್ಲಿ ಮತ್ತೆ ಆಡಿದರು, ಎರಡು ಸಲವೂ ಕೆಲವೇ ದಿನ. ಹರ್ಬರ್ಟ್ 1924ರಲ್ಲೇ ತೀರಿಕೊಂಡಿದ್ದರು. ಹೊಸ ಜೀವ ಬಂದದ್ದು ನೀವು ನೋಡಿದ ಸಿನಿಮಾದಿಂದ. ಜೆನೆಟ್ ಮ್ಯಾಕ್‌ಡೊನಾಲ್ಡ್ ಮತ್ತು ನೆಲ್ಸನ್ ಎಡ್ಡಿ ಒಟ್ಟಿಗೆ ಮಾಡಿದ ಎಂಟು ಸಿನಿಮಾಗಳಲ್ಲಿ ಇದೇ ಮೊದಲನೆಯದು. ಧ್ವನಿಗ್ರಹಣಕ್ಕೆ ಆಸ್ಕರ್ ಕೂಡ ಬಂತು. ಮುಂದೆ 1978ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾ ಮಾತನ್ನು ತಿದ್ದಿ ಬರೆಸಿ ಆಡಿತು. ವೂಸ್ಟರ್ ಊರಿನ ಓಹಾಯೋ ಲೈಟ್ ಆಪೆರಾದವರೂ ಆಡಿದ್ದಾರೆ. ನೋಡಿ, ಕೈ ಹಾಕಿದ್ದು ಮತ್ತೆ ಆಪೆರಾ ಮಂಡಳಿಗಳೇ. ಮಾತು ಚೆನ್ನಾಗಿ ಆಡಬಲ್ಲ ನಟರಿಗೆ ಈ ಹಾಡು ಎಟುಕೋದಿಲ್ಲ. ಹಾಡಬಲ್ಲವರಿಗೆ ಅಷ್ಟೊಂದು ಮಾತು ಭಾರ. ದೊಡ್ಡ ಮೇಳ, ದೊಡ್ಡ ವಾದ್ಯವೃಂದದ ಖರ್ಚು ಬೇರೆ.

ಇನ್ನೂ ಒಂದು ತೊಡಕಿದೆ. ಸಿನಿಮಾ ಮಾತ್ರ ನೋಡಿದ್ದರಿಂದ ಅದು ನಿಮಗೆ ಕಂಡಿರೋದಿಲ್ಲ. ನಾಟಕದಲ್ಲಿ ಆಡಾ ಅಂತ ಒಬ್ಬಳಿದ್ದಾಳೆ. ಮಿಶ್ರ ರಕ್ತದ ಗುಲಾಮ ಹೆಣ್ಣು. ರಾಜ್ಯಪಾಲರ ಮನೆಯ ಮಗ ಎತಿಯೆನ್ ಅವಳನ್ನು ಇಟ್ಟುಕೊಂಡಿದ್ದಾನೆ. ಬೇಸರವಾದಾಗ ನೃತ್ಯಕೂಟದ ನಡುವೆ ಹರಾಜಿಗೆ ಹಾಕುತ್ತಾನೆ. ಕ್ಯಾಪ್ಟನ್ ಡಿಕ್ ಅವಳನ್ನು ಬಿಡಿಸಲೆಂದೇ ಬೆಲೆ ಕೂಗಿ ಕೊಂಡುಕೊಳ್ಳುತ್ತಾನೆ. ಹಗುರ ಕಥೆಯ ನಡುವೆ ಈ ದೃಶ್ಯವನ್ನು ಹೇಗೆ ಆಡಬೇಕು? ಇವತ್ತು ಯಾವ ನಿರ್ದೇಶಕರಿಗೂ ಇದು ಸಲೀಸಲ್ಲ. ಸಿನಿಮಾದವರು ಆಡಾಳನ್ನೇ ತೆಗೆದುಹಾಕಿದರು. ನನಗೆ ಅದು ಇಷ್ಟವಾಗಲಿಲ್ಲ. ಇಡೀ ನಾಟಕದಲ್ಲಿ ನಿಜವಾದ ನೋವು ಇರುವುದು ಅವಳೊಬ್ಬಳ ಪಾತ್ರದಲ್ಲೇ.

ಇನ್ನೊಮ್ಮೆ ಸಿನಿಮಾ ನೋಡಿದರೆ, ನೆಲ್ಸನ್ ಎಡ್ಡಿ ಹಾಡುವ ‘ನೀತ್ ದ ಸದರ್ನ್ ಮೂನ್’ ಬಂದಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ಅದು ನಾಯಕನ ಹಾಡಲ್ಲ. ಹರ್ಬರ್ಟ್ ಅದನ್ನು ಬರೆದದ್ದು ಆಡಾಳ ತಗ್ಗು ದನಿಗೆ.

ಪ್ರೀತಿಯಿಂದ,
ಸಂಪಾದಕ